ಹತ್ತಿ ಹತ್ತಿ ಎಂದ ಡ್ರೈವಿಂಗ್ ಮೇಷ್ಟ್ರು

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ಗಟ್ಟಿಯಾಗಿ, ನುಣುಪಾಗಿ, ಕಂದುಬಣ್ಣಕ್ಕೆ ತಿರುಗಿತ್ತು. ಇಷ್ಟು ವಿವರವಾಗಿ ನನಗೆ ಗೊತ್ತಿರಲು ಕಾರಣವಿದೆ. ಕಾರಿನಲ್ಲಿ ಕೂತ ಕೂಡಲೇ ಅವರು ಬಲಗಾಲಿನ ಚಪ್ಪಲಿ ಕಳಚಿ ಸೀಟಿನಡಿಗೆ ತಳ್ಳಿ, ತಮ್ಮ ಬದಿಯಲ್ಲಿದ್ದ ಎರಡನೇ ಬ್ರೇಕಿನ ಮೇಲೆ ಬರಿಗಾಲನ್ನು ಇಟ್ಟುಕೊಳ್ಳುತ್ತಿದ್ದರು. ನಾನು ರಸ್ತೆ ನೋಡುವುದು ಬಿಟ್ಟು ಆ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಕೆಳಗೆ ಹೋಯಿತೆಂದರೆ ನಾನು ಮತ್ತೊಂದು ತಪ್ಪು ಮಾಡಿದ್ದೇನೆ ಎಂದರ್ಥ. ಚಪ್ಪಲಿ ಯಾಕೆ ಬಿಡುತ್ತೀರಿ ಎಂದು ಒಮ್ಮೆ ಕೇಳಿದೆ. "ಚಪ್ಪಲಿ ನೋ ಫೀಲಿಂಗ್ ಲಾ, ಪುವಾನ್," ಎಂದರು. ಪುವಾನ್ ಎಂದರೆ ಅಮ್ಮಾವ್ರೇ ಎಂದ ಹಾಗೆ.

ಮಲೇಷ್ಯಾದಲ್ಲಿ ಶಾಲೆಯ ಮೇಷ್ಟ್ರನ್ನೂ ಡ್ರೈವಿಂಗ್ ಕಲಿಸುವವರನ್ನೂ ‘ಚಿಕ್‌ಗು’ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆದೆ. ಮನೆಯಲ್ಲಿ ನಮ್ಮ ಯಜಮಾನರು ಅದನ್ನು ಚಿಕ್ಕು ಮಾಡಿ, ಆಮೇಲೆ ಚಿಕ್ಕುವನ್ನು ಸಪೋಟ ಮಾಡಿ, "ಏನಂದ್ರು ಇವತ್ತು ನಿನ್ನ ಸಪೋಟ ಮೇಷ್ಟ್ರು?" ಎಂದು ಕೇಳುತ್ತಿದ್ದರು. ಅರವತ್ತು ದಾಟಿದ ಮಲಯ್ ಗಂಡಸು, ಒಣಕಲು ಮೈ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಅರ್ಧ ತೋಳಿನ ಅಂಗಿ. ಪಾಠ ಶುರುವಾಗುವ ಮುಂಚೆ ತಪ್ಪದೆ "ಸುಡಾ ಮಾಕನ್?" ಎಂದು ಕೇಳುವರು. ನಮ್ಮ ಕಡೆಯ ‘ಊಟ ಆಯ್ತಾ?’ ಇದ್ದಂತೆಯೇ ಅದು, ಆಯಿತು ಎಂದರೆ ಮುಗಿಯಬೇಕು. ಇವರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ವಿಚಾರಿಸಿ, ನಂಬಿಕೆ ಬಂದ ಮೇಲೆಯೇ ಕಾರಿನ ಕೀಲಿ ಕೊಡುತ್ತಿದ್ದರು. ಉಪವಾಸದ ತಿಂಗಳಿನಲ್ಲಿ ತಾವು ತುಟಿ ಒಣಗಿಸಿಕೊಂಡು ಕೂತಾಗಲೂ ನನ್ನನ್ನು ಕೇಳುವುದು ತಪ್ಪಲಿಲ್ಲ.

ಐವತ್ತೊಂದನೇ ವಯಸ್ಸಿನಲ್ಲಿ ಕಾರು ಕಲಿಯುವ ಶೋಕಿ ನನಗೇನೂ ಇರಲಿಲ್ಲ. ಮೈಸೂರು ಬಿಟ್ಟು ಇಲ್ಲಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಲು ಬಂದು ಹದಿನಾಲ್ಕು ವರ್ಷವಾಗಿತ್ತು. ಪುಚೊಂಗ್‌ನ ಮನೆಯಿಂದ ಕಾಲೇಜಿಗೆ ರೈಲು, ಬೇರೆಲ್ಲದಕ್ಕೂ ಯಜಮಾನರ ಕಾರು. ಅವರ ಸಕ್ಕರೆ ಕಾಯಿಲೆ ಮೊದಲು ಕಿಡ್ನಿಯನ್ನು, ಆಮೇಲೆ ಕಣ್ಣನ್ನು ಹಿಡಿಯಿತು. ವಾರಕ್ಕೆ ಮೂರು ಸಂಜೆ ಪೆಟಾಲಿಂಗ್ ಜಯಾದಲ್ಲಿ ಡಯಾಲಿಸಿಸ್. ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ಟ್ಯಾಕ್ಸಿಯಲ್ಲಿ ಓಡಾಡಿದೆವು. ಆದರೆ ಈ ಊರಿನಲ್ಲಿ ಮಳೆ ಬರುವುದೂ ಸಂಜೆಗೇ, ಮಳೆ ಬಂದರೆ ಒಪ್ಪಿಕೊಂಡ ಟ್ಯಾಕ್ಸಿಯೂ ಕೈಕೊಡುತ್ತದೆ. ಒಂದು ದಿನ ಕೇಂದ್ರದ ಬಾಗಿಲು ಹಾಕಿದ ಮೇಲೆ ಒಂದೂಕಾಲು ಗಂಟೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆವು. ಅವರ ತೋಳಿಗೆ ಸುತ್ತಿದ್ದ ಬ್ಯಾಂಡೇಜು ನೆನೆಯದಂತೆ ನಾನು ಛತ್ರಿ ಹಿಡಿದಿದ್ದೆ. ಮರುದಿನವೇ ಡ್ರೈವಿಂಗ್ ಶಾಲೆಗೆ ಹೆಸರು ಕೊಟ್ಟೆ.

ಇಲ್ಲಿನ ಪರೀಕ್ಷೆಯಲ್ಲಿ ಒಂದು ಕೃತಕ ದಿಬ್ಬವಿದೆ. ಅರ್ಧ ಏರಿ, ಹಳದಿ ಗೆರೆಯ ಮೇಲೆ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಏರಬೇಕು. ಮೊದಲ ಸಲ ನನ್ನನ್ನು ಅದರ ಮೇಲೆ ಕರೆದುಕೊಂಡು ಹೋದಾಗ ಮುಂದಿನ ಕಾರೊಂದು ತುದಿಯಲ್ಲೇ ನಿಂತುಬಿಟ್ಟಿತ್ತು. ಚಿಕ್‌ಗು ಗಾಬರಿಯಿಂದ "ಹಾತಿ ಹಾತಿ!" ಎಂದು ಕೂಗಿದರು. ನನ್ನ ಕಿವಿಗೆ ಬಿದ್ದದ್ದು ಹತ್ತಿ, ಹತ್ತಿ. ಮೈಸೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಬಾಯಿಂದ ಸಾವಿರ ಸಲ ಕೇಳಿದ ಮಾತು, ಯೋಚನೆ ಮಾಡುವಂಥದ್ದೇನಿದೆ? ಆಕ್ಸಿಲರೇಟರ್ ಒತ್ತಿದೆ. ಅವರು ಇನ್ನೂ ಜೋರಾಗಿ "ಹಾತಿ ಹಾತಿ, ಪುವಾನ್!" ಎಂದರು. ನಾನು ಇನ್ನೂ ಜೋರಾಗಿ ಒತ್ತಿದೆ. ಎರಡನೇ ಬ್ರೇಕು ಇಲ್ಲದಿದ್ದರೆ ಆ ದಿನ ಎರಡು ಕಾರು ಒಂದಾಗುತ್ತಿದ್ದವು. ಮಲಯ್ ಭಾಷೆಯಲ್ಲಿ ಹಾತಿ ಹಾತಿ ಎಂದರೆ ಜೋಪಾನ ಎಂದು ನನಗೆ ಗೊತ್ತಿತ್ತು. ರೈಲು ನಿಲ್ದಾಣದಲ್ಲಿ ದಿನಾ ಓದುತ್ತಿದ್ದೆ. ಆದರೆ ಗಾಬರಿಯಾದಾಗ ಕಿವಿ ಮೈಸೂರಿಗೇ ಹೋಗುತ್ತದೆ.

ಅವರು ಹಣೆ ಒರೆಸಿಕೊಂಡು, ಯಾಕೆ ಹೀಗೆ ಮಾಡಿದಿರಿ ಎಂದು ಮೆಲ್ಲಗೆ ಕೇಳಿದರು. ನಾಚಿಕೆಯಿಂದಲೇ ವಿಷಯ ಹೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿ ನಗಲು ಶುರುಮಾಡಿದರು. ಡ್ಯಾಶ್‌ಬೋರ್ಡಿಗೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಥರ್ಟಿ ಇಯರ್ಸ್ ಐ ಟೀಚ್. ಚೈನೀಸ್ ಟೀಚ್, ತಮಿಳ್ ಟೀಚ್. ನೋಬಡಿ ಗೋ ಅಪ್ ಲೈಕ್ ದಿಸ್!" ಎಂದರು. ಆಮೇಲೆ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಜೋಪಾನ ಎನ್ನಲು ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದರು. ಹುಷಾರು ಎಂದೆ. ಬರೆದುಕೊಂಡು ನಾಲ್ಕೈದು ಸಲ ಹೇಳಿ ಅಭ್ಯಾಸ ಮಾಡಿದರು. ಆ ದಿನದಿಂದ ನನಗೆ ಎಚ್ಚರಿಕೆ ಬೇಕಾದಾಗ "ಉಸಾರ್, ಉಸಾರ್!" ಎನ್ನುತ್ತಿದ್ದರು. ದಿಬ್ಬ ಏರಬೇಕಾದಾಗ ಮಾತ್ರ ಬೇಕೆಂದೇ "ಹತ್ತಿ ಹತ್ತಿ" ಎಂದು ಕಂಡಕ್ಟರನ ಧಾಟಿಯಲ್ಲಿ ಹೇಳಿ, ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಒಬ್ಬ ಕಲಿಯುವ ಹೆಂಗಸಿಗಾಗಿ ಬೇರೆ ಭಾಷೆಯಲ್ಲಿ ಕೂಗಲು ಕಲಿತ ಇನ್ನೊಬ್ಬ ಮೇಷ್ಟ್ರನ್ನು ನಾನು ನೋಡಿಲ್ಲ. ನಾನೂ ಮೇಷ್ಟ್ರೇ. ನನ್ನಲ್ಲಿ ಆ ಗುಣ ಇಲ್ಲ.

ಹುಷಾರು ಕಲಿಸಿದ್ದು ಇನ್ನೊಂದು ಫಜೀತಿಗೆ ದಾರಿಯಾಯಿತು. ಒಂದು ಮಧ್ಯಾಹ್ನ ಪಾಠದ ನಡುವೆ ಯಜಮಾನರ ಫೋನ್ ಬಂತು. ಕಾರನ್ನು ಬದಿಗೆ ನಿಲ್ಲಿಸಿ ಎತ್ತಿದೆ.

"ಯಾಕ್ರೀ, ಹುಷಾರಿಲ್ವಾ?"

"ಸ್ವಲ್ಪ ತಲೆ ಸುತ್ತುತಾ ಇದೆ ಕಣೇ. ಗಾಬರಿ ಏನಿಲ್ಲ, ನೀನು ಪಾಠ ಮುಗಿಸ್ಕೊಂಡೇ ಬಾ."

ಫೋನ್ ಇಟ್ಟ ಮೇಲೆ ಚಿಕ್‌ಗು ಆತಂಕದಿಂದ, "ಹಸ್ಬೆಂಡ್ ಡ್ರೈವಿಂಗ್ ಆ? ವೈ ಯು ಟೆಲ್ ಹಿಮ್ ಉಸಾರ್?" ಎಂದು ಕೇಳಿದರು. ಅದೇ ಮಾತಿಗೆ ಆರೋಗ್ಯ ಎಂಬ ಅರ್ಥವೂ ಇದೆಯೆಂದು ವಿವರಿಸಲು ಹೋದೆ. ವಿವರಿಸುತ್ತಾ ವಿವರಿಸುತ್ತಾ ಅಳು ಬಂದುಬಿಟ್ಟಿತು. ಡಯಾಲಿಸಿಸ್, ಕಣ್ಣು, ಮಳೆಯಲ್ಲಿ ಕೂತ ಮೆಟ್ಟಿಲು ಎಲ್ಲವನ್ನೂ ಹೇಳಿಬಿಟ್ಟೆ. ಕಾಲೇಜಿನ ಸಹೋದ್ಯೋಗಿಗಳಿಗೂ ಅಷ್ಟು ಹೇಳಿರಲಿಲ್ಲ. ಅವರು ಡಯಾಲಿಸಿಸ್ ಕೇಂದ್ರ ಯಾವ ರಸ್ತೆಯಲ್ಲಿದೆ ಎಂದು ಮಾತ್ರ ಕೇಳಿದರು.

ಮುಂದಿನ ಪಾಠದಿಂದ ನಾವು ಬೇರೆ ಯಾವ ರಸ್ತೆಗೂ ಹೋಗಲಿಲ್ಲ. ಪುಚೊಂಗ್‌ನಿಂದ ಪೆಟಾಲಿಂಗ್ ಜಯಾ, ಪೆಟಾಲಿಂಗ್ ಜಯಾದಿಂದ ಪುಚೊಂಗ್. ಹೆದ್ದಾರಿಗೆ ಎಲ್ಲಿ ಸೇರಬೇಕು, ಯಾವ ಸಿಗ್ನಲ್‌ನಲ್ಲಿ ಬೈಕಿನವರು ಎಡದಿಂದ ನುಗ್ಗುತ್ತಾರೆ, ಮಳೆ ಬಂದರೆ ಯಾವ ಸೇತುವೆಯ ಕೆಳಗೆ ನೀರು ನಿಲ್ಲುತ್ತದೆ ಎಂಬುದನ್ನೆಲ್ಲ ಕಂಠಪಾಠ ಮಾಡಿಸಿದರು. ನಾನು ಓಡಿಸುವಾಗ ಹಿಂದಿನ ಸೀಟಿನಲ್ಲಿ ಯಾರೂ ಕೂರಬಾರದು ಎಂಬುದು ಅವರ ಕಟ್ಟುನಿಟ್ಟು. ಹಾಗಾಗಿ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಪಾಠ ಮುಗಿಸಿ, ತಾವೇ ಸ್ಟೀರಿಂಗ್ ಹಿಡಿದು, ಯಜಮಾನರನ್ನು ಹತ್ತಿಸಿಕೊಂಡು ನಮ್ಮನ್ನು ಮನೆ ಮುಟ್ಟಿಸುತ್ತಿದ್ದರು. ದಾರಿಯಲ್ಲಿ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ನಿಲ್ಲಿಸಿ, ನಮಗಾಗಿ ಮೀನಿನ ಸಾರು ಸೋಕದ ಬರೀ ರೊಟ್ಟಿ, ಬೇಳೆ ಸಾರು ತಾಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಡುವರು. ಒಂದೇ ಸೌಟನ್ನು ಎರಡಕ್ಕೂ ಹಾಕಬೇಡ ಎಂದು ಅಂಗಡಿಯವನ ಹತ್ತಿರ ಜಗಳವನ್ನೂ ಆಡುತ್ತಿದ್ದರು. ಯಜಮಾನರು ಸಪೋಟ ಎನ್ನುವುದನ್ನು ಯಾವಾಗ ಬಿಟ್ಟರೋ ನನಗೆ ನೆನಪಿಲ್ಲ.

ಎರಡು ಸಲ ಫೇಲಾದೆ. ಎರಡು ಸಲವೂ ಆ ದಿಬ್ಬದ ಮೇಲೆಯೇ, ಕಾರು ಹಿಂದಕ್ಕೆ ಜಾರಿ. ಪರೀಕ್ಷೆಯಲ್ಲಿ ದಿಬ್ಬ ಏರುವಾಗ ಪಕ್ಕದಲ್ಲಿ ಮೇಷ್ಟ್ರಿರುವುದಿಲ್ಲ, ಎರಡನೇ ಬ್ರೇಕಿಗೆ ಕಾಲಿಡುವವರು ಯಾರೂ ಇಲ್ಲ. ಆ ತಿಂಗಳುಗಳು ನೆನಪಾದರೆ ಈಗಲೂ ಮೈ ಭಾರವಾಗುತ್ತದೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಕಾರು, ಸಂಜೆ ಡಯಾಲಿಸಿಸ್, ನಡುವೆ ವೀಸಾ ನವೀಕರಣದ ಕಾಗದಪತ್ರ, ಉಪ್ಪು ಅಳೆದು ಹಾಕುವ ಅಡುಗೆ. ಎರಡನೇ ಸಲ ಫೇಲಾದ ವಾರ, ಅಭ್ಯಾಸದ ದಿಬ್ಬದ ಮಧ್ಯದಲ್ಲಿ ಕಾರು ನಿಲ್ಲಿಸಿ ಎರಡೂ ಕೈ ಬಿಟ್ಟುಬಿಟ್ಟೆ. "ಸಾಕಾಯ್ತು ಚಿಕ್‌ಗು, ನನ್ ಕೈಲಿ ಆಗಲ್ಲ," ಎಂದು ಕನ್ನಡದಲ್ಲೇ ಹೇಳಿದೆ. ಅದರ ಅರ್ಥ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಟಯರ್ಡ್ ಆ? ಓಕೆ. ಫಸ್ಟ್ ಪುಲ್ ಹ್ಯಾಂಡ್‌ಬ್ರೇಕ್. ದೆನ್ ಯು ಟಯರ್ಡ್."

ಎಳೆದೆ. ಅವರು ಕಿಟಕಿ ಇಳಿಸಿ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಕಾರಿಗೆ ಪಕ್ಕದಿಂದ ಹೋಗು ಎಂದು ಕೈ ಬೀಸಿದರು. ಹತ್ತು ನಿಮಿಷ ನಾವು ಹಾಗೆಯೇ ಕೂತಿದ್ದೆವು. ನಾನು ಅತ್ತೆ, ಮೂಗೊರೆಸಿಕೊಂಡೆ, ಅವರು ಹೊರಗೆ ನೋಡುತ್ತಿದ್ದರು. ಬದುಕಿನಲ್ಲಿ ಆ ವರ್ಷ ನನಗೆ ಸಿಕ್ಕ ವಿಶ್ರಾಂತಿ ಎಂದರೆ ಅದೇ ಹತ್ತು ನಿಮಿಷ. ಮೂರನೇ ಸಲ ಪಾಸಾದೆ.

ಲೈಸೆನ್ಸ್ ಕೈಗೆ ಬಂದ ದಿನ ಅವರು ಒಂದೇ ಒಂದು ಮಾತು ಕೇಳಿಕೊಂಡರು. ಉಪವಾಸದ ತಿಂಗಳು ಮುಗಿದ ಮೇಲೆ ಬರುವ ರಾಯಾ ಹಬ್ಬಕ್ಕೆ ನಮ್ಮ ಮನೆಗೆ ಬರಬೇಕು, ಇಬ್ಬರೂ ಬರಬೇಕು, ಟ್ಯಾಕ್ಸಿಯಲ್ಲಿ ಬಂದರೆ ಬಾಗಿಲು ತೆಗೆಯುವುದಿಲ್ಲ. ಖಂಡಿತ ಬರ್ತೀವಿ ಎಂದೆ. ಮನಸ್ಸಿನಿಂದಲೇ ಹೇಳಿದ್ದೆ.

ಮೊದಲ ವರ್ಷದ ರಾಯಾದ ದಿನ ಡಯಾಲಿಸಿಸ್ ಇತ್ತು. ಮರುದಿನ ಹೋಗೋಣ ಎಂದುಕೊಂಡೆವು. ಮರುದಿನ ಭಾನುವಾರ, ನಾನು ಹಾಸಿಗೆಯಿಂದ ಏಳಲಿಲ್ಲ. ಮುಂದಿನ ಭಾನುವಾರ ಎಂದು ಸಂದೇಶ ಕಳಿಸಿದೆ. ಹಬ್ಬದ ತಿಂಗಳು ಪೂರ್ತಿ ಮನೆ ತೆರೆದೇ ಇರುತ್ತದೆ, ಯಾವಾಗ ಬೇಕಾದರೂ ಬನ್ನಿ ಎಂದು ಉತ್ತರ ಬಂತು. ಆ ತಿಂಗಳು ಮುಗಿಯಿತು. ಎರಡನೇ ವರ್ಷವೂ ಹೀಗೆಯೇ ಆಯಿತು. ಯಜಮಾನರು, "ಹೋಗ್ಬರೋಣ ಕಣೇ, ಪಾಪ, ಎಷ್ಟು ಸಲ ಕರೆದಿದಾರೆ," ಎಂದರೆ, ನಾನು, "ವಾರಪೂರ್ತಿ ಕಾರು ಓಡಿಸಿದೀನಿ, ಭಾನುವಾರನೂ ಓಡಿಸ್ಲಾ?" ಎಂದು ಸಿಡುಕಿದೆ.

ಮೂರನೇ ರಾಯಾಕ್ಕೆ ಇನ್ನೂ ಎರಡು ತಿಂಗಳಿರುವಾಗ ಡ್ರೈವಿಂಗ್ ಶಾಲೆಯ ಕಚೇರಿಯಿಂದ ಸಂದೇಶ ಬಂತು. ಚಿಕ್‌ಗು ತೀರಿಕೊಂಡು ಹತ್ತು ದಿನವಾಗಿತ್ತು. ಹೃದಯಾಘಾತ. ಆ ಭಾನುವಾರ ಬೇಗ ಎದ್ದು ಯಜಮಾನರನ್ನೂ ಕೂರಿಸಿಕೊಂಡು ಹೊರಟೆ. ಪುಚೊಂಗ್ ದಾಟಿ ಒಂದು ಕಂಪೊಂಗ್‌ನಲ್ಲಿ ಅವರ ಮನೆ. ಕಂಪೊಂಗ್ ಎಂದರೆ ಹಳ್ಳಿ, ಆದರೆ ಈಗ ಸುತ್ತಲೂ ಎತ್ತರದ ಕಟ್ಟಡಗಳೆದ್ದಿವೆ. ಮನೆಯ ಮುಂದೆ ತಗಡಿನ ಮಾಡಿನ ಕೆಳಗೆ ಕಾರು ನಿಲ್ಲಿಸುವ ಜಾಗವಿತ್ತು. ನಾನು ಕಾರನ್ನು ರಸ್ತೆಯಲ್ಲೇ ಬಿಟ್ಟೆ. ಅವರ ಹೆಂಡತಿ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದು, ನಾವು ಯಾರೆಂದು ಕೇಳದೆಯೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಅವರು ಮಲಯ್‌ನಲ್ಲಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಎರಡು ರಾಯಾದಲ್ಲೂ ತಿಂಗಳಿಡೀ ಭಾನುವಾರ ಬಂತೆಂದರೆ ಚಿಕ್‌ಗು ತಮ್ಮ ಕಾರನ್ನು ಬೆಳಿಗ್ಗೆಯೇ ಮಸೀದಿಯ ಹತ್ತಿರ ನಿಲ್ಲಿಸಿ ನಡೆದು ಬರುತ್ತಿದ್ದರಂತೆ. ಮನೆಯ ಮುಂದಿನ ಜಾಗವನ್ನು ನೆಂಟರಿಗೂ ಬಿಡುತ್ತಿರಲಿಲ್ಲವಂತೆ. "ಪುವಾನ್‌ಗೆ ರಿವರ್ಸ್ ಸರಿಯಾಗಿ ಬರಲ್ಲ, ನೇರವಾಗಿ ಒಳಗೆ ಬರೋ ಹಾಗಿರಬೇಕು ಅಂತಿದ್ರು. ಒಣಸೀಗಡಿ ಹಾಕದ ಸಾರು ಬೇರೆ ಪಾತ್ರೇಲಿ ಮಾಡಿಸ್ತಿದ್ರು. ಸಂಜೆ ಆದ್ಮೇಲೆ ನಾವೇ ತಿಂತಿದ್ವಿ."

ಯಜಮಾನರು ನೆಲ ನೋಡುತ್ತಾ ಕೂತಿದ್ದರು. ನಾನು ಕ್ಷಮಿಸಿ ಎಂದೆ, ಸುಸ್ತಾಗಿತ್ತು ಎಂದೆ. ಅದು ಸುಳ್ಳಲ್ಲ. ಆ ತಾಯಿ ಗೊತ್ತು, ಗೊತ್ತು ಎನ್ನುವಂತೆ ನನ್ನ ಕೈ ತಟ್ಟಿದರು. ಆದರೆ ವಾರಕ್ಕೆ ಮೂರು ಸಲ ನಾನು ಓಡಿಸುವ ದಾರಿಯ ಅರ್ಧದಷ್ಟು ದೂರವೂ ಇರಲಿಲ್ಲ ಆ ಮನೆ. ಹದಿನೆಂಟು ನಿಮಿಷದಲ್ಲಿ ಬಂದು ತಲುಪಿದ್ದೆ.