ಮುಂಡಾಜೆಗೆ ಹೊರಟ ರೋಲರ್

ನಮ್ಮ ಮನೆಯಲ್ಲಿ ಡಿಗ್ರಿ ಮಾಡುವವನು ಹುಟ್ಟಲಿಕ್ಕಿಲ್ಲ ಎಂದು ಹೇಳಿದವರು ನನ್ನ ದೊಡ್ಡಪ್ಪ. ಬೈದು ಹೇಳಿದ್ದಲ್ಲ. ಬಾವಿಯಲ್ಲಿ ನೀರು ಇಳಿದಿದೆ ಎನ್ನುವ ಹಾಗೆ, ಸುಮ್ಮನೆ ಹೇಳಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಬಂಟ್ವಾಳದಲ್ಲಿ ಟ್ರೇಲರ್ ಓಡಿಸುತ್ತಿದ್ದರು. ರಸ್ತೆ ಕೆಲಸದ ರೋಲರ್, ಅಕ್ಕಿ ಮಿಲ್ಲಿನ ಯಂತ್ರ, ಜನರೇಟರ್ ಎಲ್ಲ ಅದರ ಮೇಲೆಯೇ ಹೋಗುತ್ತಿದ್ದವು. ಮೂಡುಬಿದಿರೆಯ ಕಾಲೇಜಿಗೆ ರಜೆ ಸಿಕ್ಕಿದಾಗಲೆಲ್ಲ ಅವನ್ನು ಕಟ್ಟುವ ಕೆಲಸ ನನ್ನದು. ನನ್ನ ಓದು ನಡೆದದ್ದೇ ಆ ಕೂಲಿಯಿಂದ. ಯಂತ್ರವನ್ನು ಹಲಗೆಗಳ ಮೇಲೆ ನಿಲ್ಲಿಸಿ ಅದರ ನಾಲ್ಕೂ ಮೂಲೆಯಿಂದ ಚೈನು ಎಳೆದು ಟ್ರೇಲರಿನ ಕೊಕ್ಕೆಗೆ ಹಾಕಬೇಕು, ತಿರುಪು ತಿರುಗಿಸಿ ಬಿಗಿಯಬೇಕು, ಅಲುಗಾಡುವ ಬಿಡಿಭಾಗಗಳಿಗೆ ಕ್ಯಾನ್ವಾಸ್ ಬೆಲ್ಟು ಸುತ್ತಬೇಕು. ಆಮೇಲೆ ದೊಡ್ಡಪ್ಪ ಬಂದು ಪ್ರತಿ ಚೈನಿಗೂ ಕಾಲಿನಿಂದ ಒಂದು ಒದೆ ಕೊಟ್ಟು ನೋಡುತ್ತಿದ್ದರು. ಅವರು ಯಾರ ಕೈಯನ್ನೂ ನಂಬಿದವರಲ್ಲ.

ಕೊನೆಯ ವರ್ಷದ ಕೊನೆಯ ಪರೀಕ್ಷೆಯ ಹಿಂದಿನ ದಿನ ಕರೆದರು. "ಒಂದೇ ಟ್ರಿಪ್ಪು ಮಾರಾಯ. ಮುಂಡಾಜೆಗೆ ರೋಲರ್. ಸಂಜೆಯ ಬಸ್ಸಿಗೆ ನಿನ್ನನ್ನು ಬಿಡ್ತೇನೆ." ಹೊರಟೆ. ಆದರೆ ನನ್ನ ಪರೀಕ್ಷೆ ಬಂದಾಗಲೇ ಇವರಿಗೆ ಲೋಡು ಹೇಗೆ ಸಿಗುತ್ತದೆ ಎಂಬ ಅನುಮಾನ ಮಾತ್ರ ಹೋಗಲಿಲ್ಲ.

ಗುರುವಾಯನಕೆರೆಯಲ್ಲಿ ಚಾ ಕುಡಿದು ಬಂದು ನೋಡಿದರೆ ಹಿಂದಿನ ಚೈನು ಜೋತು ಬಿದ್ದಿತ್ತು.

"ಇದು ಕಟ್ಟಿದ್ದಾ, ಒಣಗಲಿಕ್ಕೆ ಹಾಕಿದ್ದಾ?"

"ಸರಿಯಾಗಿಯೇ ಕಟ್ಟಿದ್ದೇನೆ ದೊಡ್ಡಪ್ಪ. ನೀವೇ ಒದ್ದು ನೋಡಿದ್ದಲ್ವಾ?"

"ಒದ್ದ ಮೇಲೆ ಯಾರು ಮುಟ್ಟಿದ್ದು? ಲೋಡು ವಾಪಸು ತಿರುಗಿದರೆ ನಿನಗೆ ಒಳ್ಳೆಯದೇ. ಮನೆಗೆ ಹೋಗಿ ಓದಬಹುದು."

ಹೋಟೆಲಿನಿಂದ ಮೊದಲು ಎದ್ದು ಹೋದವರು ಅವರೇ ಎಂಬುದು ನೆನಪಾಗಿತ್ತು. ನನಗೆ ಬಸ್ಸು ತಪ್ಪಲಿ ಎಂದು ಅವರೇ ಸಡಿಲಿಸಿದ್ದರೆ?

ಮತ್ತೆ ಬಿಗಿದೆ. ಅಲ್ಲಿಂದ ಮುಂದೆ ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು ಹೋದೆವು. ಬೆಳ್ತಂಗಡಿ ದಾಟಿದ ಮೇಲೆ ಮೂತ್ರಕ್ಕೆ ಹೋಗಬೇಕು ಎಂದೆ. "ನಾನೂ ಬರ್ತೇನೆ" ಎಂದರು. ಇಬ್ಬರೂ ಬೇಲಿಯ ಬದಿಯಲ್ಲಿ ನಿಂತು ಟ್ರೇಲರನ್ನೇ ನೋಡುತ್ತಿದ್ದೆವು.

ಉಜಿರೆಯ ಆಚೆ ಗಾಡಿ ನಿಲ್ಲಿಸಿ ಒಟ್ಟಿಗೇ ಇಳಿದೆವು. ಚೈನು ಮತ್ತೆ ಸಡಿಲ. ಈ ಸಲ ಯಾರನ್ನು ಬೈಯುವುದು? ದೊಡ್ಡಪ್ಪ ಬಗ್ಗಿ ರೋಲರಿನ ಅಡಿಗೆ ಕೈ ಹಾಕಿದರು. ಬೆರಳಿಗೆ ಒದ್ದೆ ಹತ್ತಿತು. ಚಕ್ರದ ಕೆಳಗಿನ ಹಲಗೆಗಳು ಜಜ್ಜಿ ಹೋಗಿ ಅಂಚಿನಿಂದ ರಸ ಬರುತ್ತಿತ್ತು. ಹಸಿ ಮರ. ಗಾಡಿ ಕುಲುಕಿದ ಹಾಗೆಲ್ಲ ರೋಲರ್ ಅದರೊಳಗೆ ಇಳಿಯುತ್ತಿತ್ತು. ಅದು ಇಳಿದಷ್ಟೂ ಚೈನು ಸಡಿಲವಾಗುತ್ತಿತ್ತು.

ಹಲಗೆ ತಂದವರು ಅವರೇ.

"ಮಾವಿನ ಮರ. ಮೊನ್ನೆ ಕಡಿದದ್ದು" ಎಂದು ಅವರೇ ಹೇಳಿ ಬೆರಳನ್ನು ಲುಂಗಿಗೆ ಒರೆಸಿಕೊಂಡರು.

ಹೊತ್ತು ಆಗಲೇ ಇಳಿದಿತ್ತು. ಇನ್ನು ಸ್ವಲ್ಪ ದೂರಕ್ಕೊಮ್ಮೆ ಇಳಿದು ಬಿಗಿಯಲೇಬೇಕು. ಮುಂಡಾಜೆ ಮುಟ್ಟುವಾಗ ಕತ್ತಲಾಗುತ್ತದೆ, ಮೂಡುಬಿದಿರೆಗೆ ಬಸ್ಸು ಇರುವುದಿಲ್ಲ. ನನ್ನ ಮೂರು ವರ್ಷ ಆ ಹಲಗೆಯ ಅಡಿಯಲ್ಲೇ ಅಪ್ಪಚ್ಚಿಯಾಗುವ ಹಾಗೆ ಕಂಡಿತು. ಅಷ್ಟರಲ್ಲಿ ಎದುರಿನ ಚಾರ್ಮಾಡಿ ಕಡೆಯಿಂದ, ಮೂಡುಬಿದಿರೆ ಕಡೆಗೆ ಹೋಗುವ ಬಸ್ಸು ಬಂತು. ದೊಡ್ಡಪ್ಪ ರಸ್ತೆಯ ನಡುವೆ ಹೋಗಿ ಹೆಗಲ ಮೇಲಿನ ಬೈರಾಸು ಬೀಸಿ ಅದನ್ನು ನಿಲ್ಲಿಸಿದರು.

"ಹತ್ತು."

"ಚೈನು ಯಾರು ನೋಡುವುದು?"

"ಯಾಕೆ, ನನಗೆ ಕೈ ಇಲ್ವಾ? ಹತ್ತು ಅಂದೆ. ಅಲ್ಲಿ ಹೋಗಿ ಸಿನೆಮಾಕ್ಕೆ ಗಿನೆಮಾಕ್ಕೆ ಹೋದರೆ ಗೊತ್ತಾಗ್ತದೆ ನನಗೆ."

ಹಿಂದಿನ ಸೀಟಿನಿಂದ ತಿರುಗಿ ನೋಡಿದೆ. ನಿಜವಾಗಿಯೂ ಬಿಗಿಯುತ್ತಾರೋ ಎಂದು ನನಗೆ ಆಗಲೂ ಸಂಶಯ. ಅವರು ಮೊಣಕಾಲೂರಿ ತಿರುಪು ತಿರುಗಿಸುತ್ತಿದ್ದರು.

ಪರೀಕ್ಷೆ ಬರೆದೆ, ಪಾಸಾದೆ. ದೊಡ್ಡಪ್ಪ ನಂಬಲಿಲ್ಲ. "ಪಾಸು ಅಂತ ನೀನು ಹೇಳುವುದು. ಕಾಗದ ಎಲ್ಲಿ ಉಂಟು?" ಕಾಗದ ಬರಲು ತಿಂಗಳುಗಳೇ ಹಿಡಿದವು. ಕಾಲೇಜಿನ ಆಫೀಸಿನಲ್ಲಿ ಸಹಿ ಹಾಕಿ ತೆಗೆದುಕೊಂಡು, ನೇರ ಅವರ ಅಂಗಳಕ್ಕೆ ಹೋಗಿ ಕೈಗೆ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದರು, ತಿರುಗಿಸಿ ಹಿಂಬದಿ ನೋಡಿದರು, ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಇದನ್ನು ಇನ್ನು ಯಾರೂ ವಾಪಸು ಕೇಳ್ಲಿಕ್ಕಿಲ್ಲವಲ್ಲ?"