ಶಾಲು ಹೊದ್ದ ಸೈಕಲ್ ಲೈಟು

ಮೊನ್ನೆ ನಿಮ್ಮಲ್ಲೊಬ್ಬ ಫೋನಿನ ಚಾರ್ಜು ಮುಗಿಯಿತೆಂದು ಮನೆಯ ಪ್ಲಗ್ಗುಗಳನ್ನೆಲ್ಲ ಹುಡುಕಿಕೊಂಡು ತಿರುಗುತ್ತಿದ್ದಾಗ ನನಗೆ ಹಳೆಯ ಸೈಕಲ್ ಲೈಟೊಂದರ ನೆನಪಾಯಿತು. ನಾಲ್ಕು ಜನ ಮುಖ ನೋಡಿದರೆ ನನಗೆ ಮಾತು ನಿಂತುಹೋಗುತ್ತದೆ. ಅದಕ್ಕೆ ಬರೆದಿಡುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಆಗ ಕಲ್ಲುಗುಂಡಿ ಪೇಟೆಯಿಂದ ಒಳಗೆ, ತೋಡಿನ, ಅಂದರೆ ಸಣ್ಣ ಹೊಳೆಯ, ಆಚೆ ಬದಿಯಲ್ಲಿದ್ದೆವು. ನಿಮ್ಮ ಅಜ್ಜ ಒಂದು ರಬ್ಬರ್ ತೋಟದಲ್ಲಿ ರೈಟರು. ಅಂದರೆ ಹಾಲು ಇಳಿಸಲು ಮರ ಗೀರುವವರ ಹಾಜರಿ ಕರೆದು, ಯಾರಿಗೆ ಯಾವ ಸಾಲು ಎಂದು ಹಂಚುವ ಕೆಲಸ. ರಬ್ಬರ್ ಮರವನ್ನು ಬಿಸಿಲೇರುವ ಮೊದಲೇ ಗೀರಬೇಕು. ಹಾಗಾಗಿ ಬೆಳಿಗ್ಗೆ ಐದು ಗಂಟೆಗೆಲ್ಲ ಇವರು ಸೈಕಲ್ ಹತ್ತುತ್ತಿದ್ದರು. ಸೈಕಲ್ಲಿಗೆ ಡೈನಮೊ ಇತ್ತು, ಚಕ್ರ ತಿರುಗಿದರೆ ಮಾತ್ರ ಬೆಳಕು. ತೋಟದ ಗೇಟಿಗೆ ಮೊದಲು ಒಂದು ಉದ್ದದ ಚಡಾವು, ಏರುದಾರಿ. ಅಲ್ಲಿ ಇಳಿದು ತಳ್ಳಬೇಕು. ಬೆಳಕು ಬೇಕಾದದ್ದು ಅಲ್ಲೇ, ಡೈನಮೊ ಕೈಕೊಡುತ್ತಿದ್ದದ್ದೂ ಅಲ್ಲೇ.

ತೋಡಿನ ಈಚೆ, ರಸ್ತೆಯ ಹತ್ತಿರ, ಬ್ಯಾರಿ ಮುಸ್ಲಿಮರ ಒಂದು ಮನೆಯಿತ್ತು. ಆ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವರ ಗಂಡನನ್ನು ಭಾವ. ಭಾವ ಅರಬ್ ದೇಶದ ದಮ್ಮಾಮಿನಲ್ಲಿ ಕೆಲಸಕ್ಕಿದ್ದರು. ಅವರಿಗೆ ಹೋಗುವ ಕಾಗದಗಳ ಮೇಲೆ ಇಂಗ್ಲಿಷ್ ವಿಳಾಸ ಬರೆದುಕೊಡುತ್ತಿದ್ದವರು ನಿಮ್ಮ ಅಜ್ಜ. ಒಮ್ಮೆ ರಜೆಗೆ ಬಂದಾಗ ಭಾವ ಇವರಿಗೊಂದು ಲೈಟು ತಂದುಕೊಟ್ಟರು. ಇಟ್ಟಿಗೆಯಷ್ಟು ದಪ್ಪ, ಕಲ್ಲಿನಷ್ಟು ಭಾರ. ಶೆಲ್ಲು ಹಾಕಬೇಕಾಗಿಲ್ಲ, ಕರೆಂಟಿಗೆ ಸಿಕ್ಕಿಸಿದರೆ ಸಾಕು. ಇವರು ಹಳೆಯ ಟ್ಯೂಬಿನ ಪಟ್ಟಿಯಿಂದ ಅದನ್ನು ಹ್ಯಾಂಡಲ್ಲಿಗೆ ಬಿಗಿದರು. ಗೀರುವ ಹೆಂಗಸರು, "ರೈಟರ ಸೈಕಲ್ ಬರುವಾಗ ಲಾರಿ ಬಂದ ಹಾಗೆ ಕಾಣ್ತದೆ" ಎನ್ನುತ್ತಿದ್ದರಂತೆ.

ಆದರೆ ನಮ್ಮ ಬದಿಗೆ ಕರೆಂಟು ಬಂದಿರಲಿಲ್ಲ. ಅಕ್ಕನ ಮನೆಯಲ್ಲಿತ್ತು, ಚಾವಡಿಯಲ್ಲಿ ಒಂದೇ ಒಂದು ಪ್ಲಗ್ಗು. ಮಧ್ಯಾಹ್ನ ಮಸೀದಿಯಲ್ಲಿ ಬಾಂಗು ಕೂಗಿದಾಗ ಲೈಟು ಸಿಕ್ಕಿಸುವುದು, ಸಂಜೆಯ ಅಸರ್ ಬಾಂಗಿಗೆ ತೆಗೆಯುವುದು, ಇದು ಅಕ್ಕನ ಲೆಕ್ಕ. ನಾನು ದಿನಾ ತೋಡಿಗೆ ಅಡ್ಡ ಹಾಕಿದ ಮರದ ಸಂಕ ದಾಟಿ ಕೊಟ್ಟು ಬರುತ್ತಿದ್ದೆ, ಸಂಜೆ ಹೋಗಿ ತರುತ್ತಿದ್ದೆ. "ಕೂತುಕೋ, ಚಾ ಕುಡಿ" ಎಂದರೆ "ಕೆಲಸ ಉಂಟು" ಎಂದು ಓಡುತ್ತಿದ್ದೆ. ಕೆಲಸವೇನೂ ಇರುತ್ತಿರಲಿಲ್ಲ, ನಾಚಿಕೆ ಅಷ್ಟೆ.

ಮಳೆಗಾಲವಿಡೀ ಲೈಟು ಚೆನ್ನಾಗಿತ್ತು. ಧನುರ್ಮಾಸ ಹಿಡಿಯಿತು ನೋಡಿ, ಘಟ್ಟದ ಬುಡದ ಚಳಿ ಇಳಿಯಿತು. ಚಳಿಗೆ ರಬ್ಬರಿನ ಹಾಲು ಹೆಚ್ಚು, ಆ ದಿನಗಳಲ್ಲಿ ಒಬ್ಬರಿಗೂ ರಜೆಯಿಲ್ಲ. ಅದೇ ಹೊತ್ತಿಗೆ ಲೈಟು ಚಡಾವಿನ ಅರ್ಧಕ್ಕೆ ಕೆಂಪಾಗಿ ಸಾಯತೊಡಗಿತು. ಒಂದು ದಿನ ಇವರು ಸೈಕಲ್ ಸಮೇತ ಚರಂಡಿಗೆ ಬಿದ್ದು, ಮೊಣಕಾಲು ಸುಲಿದುಕೊಂಡು ಬಂದರು.

"ಅಕ್ಕನ ಮನೆಯಲ್ಲಿ ಟೇಪ್ ರೆಕಾರ್ಡರು ಹಾಕ್ಲಿಕ್ಕೆ ನಮ್ಮ ಲೈಟು ಕೀಳ್ತಾರೋ ಎಂತದೋ" ಎಂದರು, ಗಾಯ ತೊಳೆಯುತ್ತ. ತಮಾಷೆಗೇ ಹೇಳಿದ್ದು.

ನನಗೆ ತಮಾಷೆಯಾಗಲಿಲ್ಲ. ಭಾವ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಅದೇ ವಾರ ಹೊಸದೊಂದು ಬಂದಿತ್ತು. ನಾನು ಸಂಜೆ ಹೋದಾಗಲೆಲ್ಲ ಲೈಟು ಬೆಂಚಿನ ಮೇಲೆ, ಪ್ಲಗ್ಗಿನಲ್ಲಿ ಟೇಪ್ ರೆಕಾರ್ಡರು, ಅದರೊಳಗೆ ಭಾವನ ಸ್ವರ. ತೋಡಿನ ಸದ್ದಿನಲ್ಲಿ ನಮ್ಮ ಬದಿಗೆ ಬಾಂಗು ಸರಿಯಾಗಿ ಕೇಳುತ್ತಿರಲಿಲ್ಲ. ಬಾಂಗಿಗೆ ಮೊದಲೋ ಆಮೇಲೋ, ಅಕ್ಕ ಲೈಟು ಯಾವಾಗ ತೆಗೆದರೋ ಯಾರಿಗೆ ಗೊತ್ತು? ಕೇಳಲು ನನಗೆ ಬಾಯಿಲ್ಲ. ಹೋಗುವುದನ್ನೇ ಬಿಟ್ಟೆ. ಸತ್ತ ಲೈಟನ್ನು ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿಟ್ಟೆ. ಎರಡು ದಿನ ಇವರು ನಡೆದೇ ಹೋದರು.

ಎರಡನೆಯ ದಿನ ಮಧ್ಯಾಹ್ನ ನಿಮ್ಮ ದೊಡ್ಡಮ್ಮ, ಆಗ ಐದು ವರ್ಷದವಳು, ಮಣೆ ಹತ್ತಿ ಲೈಟಿನ ಸ್ವಿಚ್ಚು ಒತ್ತಿದಳು. ಗೋಡೆಯ ಮಸಿಯೆಲ್ಲ ಕಾಣುವಷ್ಟು ಬೆಳಕು! ಕೈಗೆತ್ತಿಕೊಂಡೆ, ಒಲೆಯ ಕಾವಿಗೆ ಬೆಚ್ಚಗಿತ್ತು. ಇಷ್ಟು ದಿನ ಅದು ರಾತ್ರಿಯಿಡೀ ಜಗಲಿಯ ಹೊರಗೆ, ಸೈಕಲ್ಲಿನಲ್ಲೇ, ಮಂಜಿನಲ್ಲಿ ನೆನೆಯುತ್ತಿತ್ತು. ಚಾರ್ಜು ಒಳಗೇ ಇತ್ತು, ಚಳಿಗೆ ಮರಗಟ್ಟಿತ್ತು. ಅಕ್ಕನ ಮೇಲೆ ಹೊರಿಸಿದ ತಪ್ಪು ನೆನೆದು ನನ್ನ ಕಿವಿ ಬಿಸಿಯಾಯಿತು.

ಉರಿಯುವ ಲೈಟು ಹಿಡಿದು ನಿಂತಿದ್ದಾಗಲೇ ಅಂಗಳದಲ್ಲಿ ಸ್ವರ ಕೇಳಿಸಿತು. ಅಕ್ಕ! ಸಂಕ ದಾಟಿ ಬಂದದ್ದು ಅದೇ ಮೊದಲು. ನಾವು ಮಾತಾಡಿದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಮಾರಾಯ್ತಿ, ಎರಡು ದಿನ ಕಾಣ್ಲೇ ಇಲ್ಲ. ಜ್ವರವಾ? ಇಲ್ಲ ನಿಮ್ಮಲ್ಲಿ ಹಗಲೂ ಲೈಟು ಉರಿಸುದಾ?"

ಅಳು ಬಂದೇಬಿಟ್ಟಿತು. ತಡವರಿಸುತ್ತ ಎಲ್ಲ ಹೇಳಿದೆ, ಟೇಪಿನ ಸಂಶಯವನ್ನೂ. ಅಕ್ಕ ಜಗಲಿಯ ಮೇಲೆ ಕೂತರು.

"ಹೊಸ ಕ್ಯಾಸೆಟ್ ಬಂದ ದಿನ ಮಕ್ಕಳು ಹಾಕು ಹಾಕು ಅಂತ ಕೂಗಿದ್ರು. ಅಸರ್ ಬಾಂಗು ಆಗ್ಲಿ ಅಂತ ಕೂರಿಸಿದೆ. ಟೇಪಿನ ಶೆಲ್ಲು ಮುಗಿದಿತ್ತು. ಗಂಡನ ಸ್ವರ ಕೈಯಲ್ಲಿ ಹಿಡ್ಕೊಂಡು ನಿನ್ನ ಲೈಟನ್ನೇ ನೋಡ್ತಾ ಕೂತಿದ್ದೆ, ಗೊತ್ತುಂಟಾ?"

"ತಪ್ಪಾಯ್ತು ಅಕ್ಕ."

"ತಪ್ಪು ಹಾಗೆ ಹೋಗುದಿಲ್ಲ. ನಾಳೆ ಬಂದು ಚಾ ಕುಡೀಬೇಕು. ಕೂತು."

ಆ ರಾತ್ರಿ ಲೈಟು ಒಲೆಯ ಪಕ್ಕದಲ್ಲೇ ಮಲಗಿತು. ಬೆಳಿಗ್ಗೆ ನಾನು ಅದಕ್ಕೆ ಉಣ್ಣೆಯ ಶಾಲು ಸುತ್ತಿ, ಗಾಜು ಮಾತ್ರ ಹೊರಗೆ ಬಿಟ್ಟು ಹ್ಯಾಂಡಲ್ಲಿಗೆ ಕಟ್ಟಿದೆ.

"ಶಾಲು ನನ್ನದಲ್ವಾ?" ಎಂದರು ಇವರು.

"ನಿಮಗೆ ಚಡಾವು ಹತ್ತುವಾಗ ಬೆವರು ಬರ್ತದೆ. ಅದಕ್ಕೆ ಬರುದಿಲ್ಲ."

ಅಂದು ಲೈಟು ಗೇಟಿನವರೆಗೂ ಉರಿಯಿತು. ಅಲ್ಲಿ ಹಾಜರಿ ಕರೆಯಲೂ ಸಾಕಾಯಿತಂತೆ. ಚಳಿಗೆ ಬ್ಯಾಟರಿ ಕುಗ್ಗುವುದೇಕೆಂದು ಈಗ ನಿಮ್ಮ ಪುಸ್ತಕದಲ್ಲಿರಬಹುದು. ಬೆಳಕು ಮಂಕಾದದ್ದರಲ್ಲಿ ಚಳಿಯ ಪಾಲೆಷ್ಟು, ಮಂಜಿನ ಪಾಲೆಷ್ಟು ನನಗೆ ತಿಳಿಯದು. ಮುಂದಿನ ಚಳಿಗಾಲಕ್ಕೆ ನಾನು ಹಳೆಯ ಸ್ವೆಟರಿನ ತೋಳು ಕತ್ತರಿಸಿ ಅದಕ್ಕೊಂದು ಅಂಗಿಯನ್ನೇ ಹೊಲಿದೆ.

ಮಾತಿನಂತೆ ಚಾ ಕುಡಿಯಲು ಹೋದೆ. ಬಾಂಗು ಆಯಿತು. ಅಕ್ಕ ಲೈಟು ತೆಗೆದು ಟೇಪು ಸಿಕ್ಕಿಸಿದರು. ಭಾವನ ಸ್ವರ ಮಕ್ಕಳನ್ನು, ಆಡುಗಳನ್ನು ವಿಚಾರಿಸಿ, ಕೊನೆಗೆ, "ರೈಟರ ಲೈಟು ಉರಿತದಾ? ಕೇಳಿ ಹೇಳು" ಎಂದಿತು. ನಾನು ಮೂರ್ನಾಲ್ಕು ದಿನ ಸಂಶಯಪಟ್ಟದ್ದು ಈ ಸ್ವರವನ್ನೇ. ಅಕ್ಕ ಕೂಡಲೇ ಬೇರೊಂದು ಕ್ಯಾಸೆಟ್ಟು ಹಾಕಿ, ಸ್ವರ ತುಂಬುವ ಕೆಂಪು ಗುಂಡಿ ಒತ್ತಿ ನನ್ನ ಮುಂದೆ ತಳ್ಳಿದರು.

"ನೀನೇ ಹೇಳು. ನಾನು ಹೇಳುದಿಲ್ಲ."

ಕ್ಯಾಸೆಟ್ಟು ತಿರುಗುತ್ತಲೇ ಇತ್ತು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಮಕ್ಕಳು ನಗುತ್ತಿದ್ದರು. ಕೊನೆಗೆ ಹೇಗೋ ಹೇಳಿದೆ: "ಉರಿತದೆ ಭಾವ. ಚಳಿಗೆ ಮಾತ್ರ ಅದಕ್ಕೆ ಶಾಲು ಬೇಕು."

ಎರಡು ತಿಂಗಳಿಗೆ ದಮ್ಮಾಮಿನಿಂದ ಉತ್ತರದ ಕ್ಯಾಸೆಟ್ಟು ಬಂತು. ಅಕ್ಕ ನನ್ನನ್ನು ಕರೆದು ಕೂರಿಸಿ ಹಾಕಿದರು. ಭಾವ ಮೊದಲು ಕೇಳಿದ್ದೇ ಇದು: "ಅದು ಯಾರು ಮಾತಾಡಿದ್ದು? ರೈಟರ ಹೆಂಡತಿಗೆ ಮಾತು ಬರ್ತದಾ?"