ಗುಡ್ಡದ ಮನೆಗಳ ಟಾಕಿಯವರು

ಅವರಿಗೆ ಹುಬ್ಬುಗಳಿರಲಿಲ್ಲ. ಹುಬ್ಬು ಇರಬೇಕಾದ ಜಾಗದಲ್ಲಿ ಚರ್ಮ ನುಣ್ಣಗೆ, ತುಸು ಕೆಂಪಗೆ ಹೊಳೆಯುತ್ತಿತ್ತು. ಹರೆಯದಲ್ಲಿ ಒಂದು ಸಲ ಸಂಡಾಸದ ಟಾಕಿಯ ಮುಚ್ಚಳ ತೆಗೆದ ಕೂಡಲೇ ಕಂದೀಲು ಹಿಡಿದು ಒಳಗೆ ಬಗ್ಗಿದ್ದರಂತೆ. ಒಳಗೆ ಕಟ್ಟಿಕೊಂಡಿದ್ದ ಗಾಳಿಗೆ ಭಗ್ಗನೆ ಬೆಂಕಿ ಎದ್ದು ಹುಬ್ಬು, ರೆಪ್ಪೆ, ಮುಂದಲೆಯ ಕೂದಲು ಎಲ್ಲ ಸುಟ್ಟುಹೋದವು. ಕೂದಲು ಮತ್ತೆ ಬಂತು, ರೆಪ್ಪೆಯೂ ಬಂತು, ಹುಬ್ಬು ಬರಲಿಲ್ಲ. ಆ ಮುಖದಲ್ಲಿ ಸಿಟ್ಟು ಕಾಣುತ್ತಿರಲಿಲ್ಲ, ಆಶ್ಚರ್ಯವೂ ಕಾಣುತ್ತಿರಲಿಲ್ಲ. ಏನು ಹೇಳಿದರೂ ಒಂದೇ ಮುಖದಲ್ಲಿ ಹೇಳುತ್ತಿದ್ದರು. ನನ್ನ ಮಗಳು ಮಾತ್ರ ಆ ಮುಖ ಕಂಡರೆ ಕೈ ಬಡಿದು ನಗುತ್ತಿದ್ದಳು. ಆಗ ಅವಳಿಗೆ ಎಂಟು ತಿಂಗಳು.

ಗೋಕಾಕದ ಹತ್ತಿರ, ಘಟಪ್ರಭೆಯ ದಂಡೆಯ ಮೇಲಿನ ಗುಡ್ಡದಲ್ಲಿ ನೌಕರರಿಗೆಂದು ಕಟ್ಟಿದ ಆರು ಕಲ್ಲಿನ ಮನೆಗಳಿದ್ದವು. ನನ್ನ ಗಂಡ ಅಲ್ಲಿ ಕಾರಕೂನ. ಮನೆಗಳ ದುರಸ್ತಿ, ನೀರು, ಸ್ವಚ್ಛತೆ ಎಲ್ಲ ಅವರ ಮೇಲಿತ್ತು. ಕೌಜಲಗಿಯಲ್ಲಿ ಹುಟ್ಟಿ ಬೆಳೆದ ನನಗೆ ಹೊಲದ ಬದುವಿಗೆ ಹೋಗಿ ಬರುವುದು ಗೊತ್ತಿತ್ತೇ ಹೊರತು ಮನೆಯ ಹಿಂದೆಯೇ ಸಂಡಾಸ ಇರುವುದು ಗೊತ್ತಿರಲಿಲ್ಲ. ಇಲ್ಲಿ ಒಂದು ಕೊಡ ನೀರು ಸುರಿದರೆ ಎಲ್ಲವೂ ಕೊಳವೆಯಲ್ಲಿ ಇಳಿದು ನೆಲದೊಳಗೆ ಕಟ್ಟಿದ ದೊಡ್ಡ ಟಾಕಿಗೆ ಹೋಗುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಆದ್ದರಿಂದ ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ. ಆರೂ ಮನೆಗಳಿಗೆ ಒಂದೇ ಟಾಕಿ, ಒಂದೇ ಬಾವಿ. ಟಾಕಿ ಏರಿನಲ್ಲಿ, ಬಾವಿ ಇಳಿಜಾರಿನಲ್ಲಿ.

ಟಾಕಿ ಖಾಲಿ ಮಾಡಲು ವರ್ಷಕ್ಕೆ ಎರಡು ಸಲ ಆ ಹುಬ್ಬಿಲ್ಲದವರು ಕೊಣ್ಣೂರಿನಿಂದ ಎತ್ತಿನ ಗಾಡಿಯಲ್ಲಿ ಕಬ್ಬಿಣದ ಪೀಪಾಯಿ ಮತ್ತು ಕೈಪಂಪು ಹೇರಿಕೊಂಡು ಬರುತ್ತಿದ್ದರು. ಆ ಪಂಪಿನ ಹಿಡಿಕೆಯನ್ನು ಎರಡೂ ಕಡೆಯಿಂದ ಒಬ್ಬೊಬ್ಬರು ಒತ್ತಬೇಕು. ಒಂದು ಕಡೆ ಅವರು, ಇನ್ನೊಂದು ಕಡೆ ಅವರ ಹೆಂಡತಿ. ಅವರು ಬಗ್ಗಿದಾಗ ಆಕೆ ನೆಟ್ಟಗಾಗುತ್ತಿದ್ದಳು, ಆಕೆ ಬಗ್ಗಿದಾಗ ಅವರು. ತಾಸುಗಟ್ಟಲೆ ಹಾಗೆಯೇ, ಮಾತಿಲ್ಲದೆ. ಎಲ್ಲ ಮನೆಗಳ ಕಿಟಕಿ ಬಾಗಿಲು ಮುಚ್ಚುತ್ತಿದ್ದವು. ನಮ್ಮದೂ ಮುಚ್ಚುತ್ತಿತ್ತು.

ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ಆಗ ಹಾಗೆ ಅನ್ನಲಿಲ್ಲ. ‘ಟಾಕಿಯವ ಬಂದ’ ಎನ್ನುತ್ತಿದ್ದೆವು. ನನ್ನ ತಂದೆಯ ವಯಸ್ಸಿನವರು. ಕುಡಿಯಲು ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದೆ. ಬಸವಣ್ಣನನ್ನು ನೆನೆಯದೆ ಊಟಕ್ಕೆ ಕೂಡದ ಮನೆ ನಮ್ಮದು. ಆದರೂ ಹಾಗೆಯೇ ಸುರಿಯುತ್ತಿದ್ದೆ.

ಅವರ ಕೆಲಸದಲ್ಲಿ ಅವಸರ ಇರಲಿಲ್ಲ. ಮುಂಜಾನೆ ಮುಚ್ಚಳ ತೆಗೆದರೆ ಮರುದಿನ ಮುಂಜಾನೆಯವರೆಗೆ ಟಾಕಿಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ನನ್ನ ಗಂಡ ಬಂದು, “ಏನೋ, ಸುಮ್ಮ ಕುಂತಿಯಲ್ಲ?” ಎಂದು ಗದರಿದರೆ, “ಅದು ಮದಲ ಉಸರ ಬಿಡ್ಲಿ ತಡೀರಿ ಸಾಹೇಬ್ರ” ಎನ್ನುತ್ತಿದ್ದರು. ಆಮೇಲೆ ಉದ್ದನೆಯ ಬಿದಿರಿನ ಗಳವನ್ನು ಒಳಗೆ ಇಳಿಸಿ, ಎತ್ತಿ, ಅದರ ಮೇಲಿನ ಹಸಿಯನ್ನು ಮೊಳದ ಲೆಕ್ಕದಲ್ಲಿ ಅಳೆಯುತ್ತಿದ್ದರು. ನೀರೆಷ್ಟು, ಕೆಸರೆಷ್ಟು ಎಂದು ಗಳ ನೋಡಿಯೇ ಹೇಳುತ್ತಿದ್ದರು.

ಅವರು ಬಂದುಹೋಗಿ ನಾಲ್ಕು ತಿಂಗಳಿಗೆ ನನ್ನ ಮಗಳು ಹೋದಳು. ಜ್ವರ, ಹೊಟ್ಟೆ ನಿಲ್ಲಲಿಲ್ಲ. ಇಪ್ಪತ್ತು ದಿನ. ಗೋಕಾಕದ ಡಾಕ್ಟರು ನೀರಿನಿಂದ ಬರುವ ಜ್ವರ ಎಂದರು. ಊರಿಗೆ ಒಯ್ದು ನಮ್ಮ ಹೊಲದಲ್ಲಿ ಮಣ್ಣು ಕೊಟ್ಟೆವು. ತಿರುಗಿ ಬಂದು ನಾನು ರೊಟ್ಟಿ ಬಡಿದೆ. ಅದು ಹೇಗೆ ಬಡಿದೆ ಎಂದು ಈಗ ಕೇಳಿದರೆ ಹೇಳಲಾರೆ. ಅಳು ಬರಲಿಲ್ಲ. ಕಾಲು ಬಹಳ ಹೊತ್ತು ಮಡಚಿ ಕುಳಿತರೆ ಜೋಮು ಹಿಡಿಯುತ್ತದಲ್ಲ, ಮೈಯೆಲ್ಲ ಹಾಗಿತ್ತು. ಹೊಡೆದರೂ ತಿಳಿಯುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಗಾಡಿ ಮತ್ತೆ ಬಂತು. ನಾನು ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಕಿಟಕಿ ಬಾಗಿಲು ಮುಚ್ಚುವುದು ನೆನಪಾಗಲಿಲ್ಲ. ಅವರು ದೂರ ನಿಂತು ಆಚೀಚೆ ನೋಡಿದರು.

“ಸಣ್ಣವ್ವ ಎಲ್ಲ್ಯದಾಳ್ರಿ, ಅವ್ವಾರ?”

“ಹೋದಳು.”

“ಜ್ವರಾನ್ರಿ?”

“ಹೂಂ. ಹೊಟ್ಟಿ ನಿಲ್ಲಲಿಲ್ಲ.”

ಅವರು ಕೈಯಲ್ಲಿದ್ದ ಸಲಾಕೆಯನ್ನು ನೆಲಕ್ಕೂರಿದರು. “ನಂದೂ ಒಂದ ಹೋತ್ರಿ” ಎಂದರು. “ಹುಕ್ಕೇರಿ ಕಡೆ, ಒಬ್ಬರ ಮನಿ ಟಾಕ್ಯಾಗ. ಅವಸರಾ ಮಾಡಿದ್ರು. ಇಳದಾಂವ ಮ್ಯಾಲ ಬರ್ಲಿಲ್ಲ.” ಅಷ್ಟೇ ಹೇಳಿ ಮುಚ್ಚಳ ತೆಗೆಯಲು ಹೋದರು.

ಮರುದಿನ ಗಳ ಇಳಿಸಿ ಅಳೆದವರು ಪಂಪು ಹೂಡಲಿಲ್ಲ. ಹಿತ್ತಲಿನ ಗೋಡೆಯವರೆಗೆ ಬಂದು ನಿಂತರು.

“ಅವ್ವಾರ, ಟಾಕಿ ನೀರು ಹೊರಗ ಹೋಗೂ ಕೊಳವಿ ಬಾಯಿ ತನಕಾ ನಿಂದರಬೇಕ್ರಿ. ಎಂದೂ ಕಮ್ಮಿ ಆಗಬಾರ್ದು. ಮೊಳ ಕೆಳಗ ಐತಿ. ಹೋದ ಸಲಾನೂ ಹಿಂಗ ಇತ್ತು.”

“ಹಂಗಂದ್ರ?”

“ಎಲ್ಲೋ ಸೋರಾಕತ್ತೈತ್ರಿ. ಇದು ಬಂಡಿಗಲ್ಲಿನ ಗುಡ್ಡ, ಒಳಗ ಬರೇ ಸೀಳು. ನೀರು ಕೆಳಗ ಇಳೀತೈತಿ.”

ಕೆಳಗೆ ಬಾವಿಯಿತ್ತು. ಅವರು ಆ ಕಡೆ ಕೈ ಮಾಡಲಿಲ್ಲ, ನೋಡಲೂ ಇಲ್ಲ.

“ಹೋದ ಸಲಾನ ಯಾಕ ಹೇಳಲಿಲ್ಲಪಾ?”

“ಹೇಳಿದ್ನಲ್ರಿ. ಸಾಹೇಬ್ರಿಗೆ ಹೇಳಿದ್ದೆ.”

ನನಗೆ ಏನೂ ಅನ್ನಿಸಲಿಲ್ಲ. ಮೊರ ಕೆಳಗಿಟ್ಟೆ. ಜೋಳದಲ್ಲಿ ಒಂದು ಕಲ್ಲು ಕಂಡಿತು, ತೆಗೆದು ಒಗೆದೆ.

ಅವರು ಸೊಂಟದಿಂದ ಒಂದು ಪೊಟ್ಟಣ ತೆಗೆದರು. ನೇಕಾರರು ನೂಲಿಗೆ ಹಾಕುವ ಹಸಿರು ಬಣ್ಣ. ಸಂಶಯ ಬಂದು ಈ ಸಲ ಕೊಣ್ಣೂರಿನಿಂದಲೇ ತಂದಿದ್ದರು. “ಇದನ್ನ ಟಾಕ್ಯಾಗ ಹಾಕತೇನ್ರಿ. ಈಗ ಖಾಲಿ ಮಾಡೂದಿಲ್ಲ, ನಾಕ ದಿವಸ ಬಿಟ್ಟ ಬರತೇನಿ. ಬಾವಿ ನೀರ ಮಾತ್ರ ನೀವ ನೋಡಬೇಕ್ರಿ. ನಾ ಅಲ್ಲಿ ಹೋಗೂವಂಗಿಲ್ಲ.”

ತಾಮ್ರದ ಕೊಡದಲ್ಲಿ ಬಣ್ಣ ತಿಳಿಯುವುದಿಲ್ಲ. ಪಿಂಗಾಣಿಯ ಬಿಳಿ ಬಟ್ಟಲಲ್ಲಿ ನೀರು ಹಾಕಿ ಮುಂಜಾನೆ ಸಂಜೆ ಅಂಗಳದ ಬೆಳಕಿಗೆ ಹಿಡಿದು ನೋಡಿದೆ. ಮೊದಲ ದಿನ ಏನಿಲ್ಲ. ಎರಡನೆಯ ದಿನ ಏನಿಲ್ಲ. ಮೂರನೆಯ ದಿನ ಮುಂಜಾನೆ ಬಟ್ಟಲಿನ ತಳದಲ್ಲಿ ಎಳೆ ಹುಣಸೆ ಎಲೆಯ ಬಣ್ಣ ತೆಳ್ಳಗೆ ನಿಂತಿತ್ತು. ಕಣ್ಣಿನ ಭ್ರಮೆ ಇರಬೇಕೆಂದು ಚೆಲ್ಲಿ ಮತ್ತೆ ಸೇದಿದೆ. ಮತ್ತೆ ಅದೇ.

ಗಂಡ ಊಟಕ್ಕೆ ಬಂದಾಗ ಬಟ್ಟಲನ್ನು ಎಡೆಯ ಪಕ್ಕದಲ್ಲಿ ಇಟ್ಟೆ.

“ಏನಿದು?”

“ಬಾವಿ ನೀರು. ಟಾಕ್ಯಾಗ ಹಾಕಿದ ಬಣ್ಣ. ಅವ ಹೋದ ಸಲಾನ ಹೇಳಿದ್ನಂತ, ನಿಮಗ.”

ಅವರ ಕೈಯಲ್ಲಿ ರೊಟ್ಟಿಯ ತುತ್ತು ಹಾಗೆಯೇ ಉಳಿಯಿತು. “ಅಂಥಾವ್ರ ಮಾತು ಯಾರ ಕೇಳತಾರ?” ಎಂದರು. ದನಿ ನನಗೆ ಹೇಳಿದ ಹಾಗಿರಲಿಲ್ಲ, ತಮ್ಮನ್ನೇ ಕೇಳಿಕೊಂಡ ಹಾಗಿತ್ತು. ನಾನು ಪುಂಡಿಪಲ್ಯ ಬಡಿಸಿದೆ. ಅವರು ಉಂಡರು. ಆಮೇಲೆ ಎಷ್ಟೋ ವರ್ಷ ನಾವು ಚೆನ್ನಾಗಿಯೇ ಬಾಳಿದೆವು, ಆದರೆ ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಊಟವಾದ ಮೇಲೆ ಬಟ್ಟಲು ಹಿಡಿದು ಉಳಿದ ಐದೂ ಮನೆಗಳಿಗೆ ಹೋದೆ. ಮೂರು ಮನೆಗಳಲ್ಲಿ ಸಣ್ಣ ಕೂಸುಗಳಿದ್ದವು. “ಈ ನೀರು ಕುಡೀಬ್ಯಾಡ್ರಿ, ಟಾಕಿ ಸೋರಾಕತ್ತೈತಿ” ಎಂದೆ. ಹೆಂಗಸರು ಬಟ್ಟಲು ನೋಡಿ ಬಾಯಿ ಮುಚ್ಚಿಕೊಂಡರು. ಕೊನೆಯ ಮನೆಯ ಹಿರಿಯಾಕೆ ಮಾತ್ರ, “ಬಣ್ಣಾ ಯಾರ ಹಾಕಿದ್ರು? ಆ ಟಾಕಿಯವ ಬಾವಿಗೆ ಕೈ ಹಾಕಿದ್ನೇನು?” ಎಂದು ಕೇಳಿದಳು. ಅವಳ ಮಗ ಬಾಗಿಲಲ್ಲೇ ನಿಂತಿದ್ದ. ಹೌದೆಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

“ನಾನ ಹಾಕಿದೆ” ಎಂದೆ.

ಆ ಮಾತಿನಿಂದ ಟಾಕಿಯವರ ಮೈ ಏಟಿನಿಂದ ಉಳಿಯಿತು. ಅದೇ ಮಾತಿನಿಂದ ಅವರು ಮಾಡಿದ್ದು ನನ್ನದಾಯಿತು. ಹುಷಾರಿ ಹೆಂಗಸು ಎಂದು ಗುಡ್ಡದ ತುಂಬ ಹೆಸರಾಯಿತು. ಮೇಲಿನವರಿಂದ ನನ್ನ ಗಂಡನಿಗೆ ಮೆಚ್ಚುಗೆಯ ಕಾಗದ ಬಂತು. ನಿಜ ಏನೆಂದು ಬಿಡಿಸಿ ಹೇಳುವ ದಿನ ಬರುತ್ತದೆ ಎಂದುಕೊಂಡೆ.

ನಾಲ್ಕನೆಯ ದಿನ ಅವರು ಬಂದರು. “ಕಂಡ್ತೇನ್ರಿ?” ಎಂದರು. “ಕಂಡ್ತು” ಎಂದೆ. ತಲೆ ಆಡಿಸಿದರು. ಎರಡು ದಿನ ಪಂಪು ಒತ್ತಿದರು, ಎರಡು ದಿನ ಟಾಕಿಯನ್ನು ಬಾಯಿ ತೆರೆದು ಬಿಟ್ಟರು. ಆಮೇಲೆ ದೂರ ಕುಳಿತು ಕಂದೀಲನ್ನು ಹಗ್ಗದಲ್ಲಿ ಇಳಿಸಿ, ದೀಪ ಆರಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿ ತಾವೇ ಇಳಿದರು. ಹಗ್ಗದ ತುದಿ ಹೆಂಡತಿಯ ಕೈಯಲ್ಲಿತ್ತು. ಆಕೆ ಅರ್ಧ ಕ್ಷಣವೂ ಬೇರೆ ಕಡೆ ನೋಡಲಿಲ್ಲ. ಮೂಲೆಯಲ್ಲಿ ಕೈ ಹೋಗುವಷ್ಟು ಬಿರುಕಿತ್ತಂತೆ. ಸುಣ್ಣ, ಇಟ್ಟಿಗೆ ಪುಡಿ, ಸಿಮೆಂಟು ಕಲೆಸಿ ಮೂರು ದಿನ ಮೆತ್ತಿದರು. ಬಾವಿಯನ್ನು ನನ್ನ ಗಂಡ ಆಳುಗಳಿಂದ ಬತ್ತಿಸಿ, ತೊಳೆಸಿ, ಕೆಂಪು ಔಷಧಿ ಹಾಕಿಸಿದರು. ಅದು ತಿಳಿಯಾಗುವವರೆಗೆ ಗಾಡಿಯಲ್ಲಿ ಹೊಳೆ ನೀರು ತರಿಸಿ ಕಾಯಿಸಿ ಕುಡಿದೆವು. ಆ ವರ್ಷ ಗುಡ್ಡದ ಮೇಲೆ ಇನ್ನೊಂದು ಕೂಸು ಹೋಗಲಿಲ್ಲ.

ಹೋಗುವ ದಿನ ಅವರನ್ನು ತಡೆದು ನಿಲ್ಲಿಸಿದೆ. ಏನೋ ಹೇಳಬೇಕಿತ್ತು. ಬಾಯಿಂದ ಬಂದದ್ದು, “ಇನ್ನ ಸೋರೂದಿಲ್ಲಲ್ಲ?”

“ಇಲ್ರಿ. ಖರೆ, ವರ್ಷಾ ನೋಡಕೋತ ಇರಬೇಕ್ರಿ. ನೆಲದಾಗಿಂದು ಕಣ್ಣಿಗೆ ಕಾಣೂದಿಲ್ಲ ನೋಡ್ರಿ.” ಗಾಡಿ ಹೊಡೆದುಕೊಂಡು ಇಳಿದು ಹೋದರು.

ಆಮೇಲೆ ಮೂರು ವರ್ಷ ಬಂದರು. ಬಂದಾಗಲೆಲ್ಲ ಗಳದ ಅಳತೆಯನ್ನು ನನ್ನ ಗಂಡನಿಗೆ ಹೇಳುತ್ತಿದ್ದರು. ನನ್ನ ಗಂಡ ನಿಂತು ಕೇಳುತ್ತಿದ್ದರು, ಬರೆದುಕೊಳ್ಳುತ್ತಿದ್ದರು. ನನಗೆ ಒಬ್ಬ ಮಗ ಹುಟ್ಟಿದ. ಅದೇ ಬಾವಿಯ ನೀರು ಕುಡಿದು ಬೆಳೆದ.

ನಾಲ್ಕನೆಯ ವರ್ಷ ಗಾಡಿ ಬಂದಾಗ ಅದನ್ನು ಹೊಡೆದುಕೊಂಡು ಬಂದವಳು ಅವರ ಹೆಂಡತಿ. ಪಂಪಿನ ಇನ್ನೊಂದು ಕಡೆಗೆ ಆಕೆಯ ತಂಗಿ. ಅವರು ಮಳೆಗಾಲದಲ್ಲಿ ಕೆಮ್ಮು ಹಿಡಿದು, ಎದೆ ಕಟ್ಟಿ ಹೋದರಂತೆ. ಹೋಗಿ ಎರಡು ತಿಂಗಳಾಗಿತ್ತು. ಕೊಣ್ಣೂರು ಗುಡ್ಡದಿಂದ ಕಾಣುವಷ್ಟು ಹತ್ತಿರ. ನಮಗೆ ಯಾರೂ ಹೇಳಲಿಲ್ಲ, ನಾವು ಯಾರನ್ನೂ ಕೇಳಿರಲಿಲ್ಲ.

ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಟಾಕಿಯ ಹತ್ತಿರ ಹೋದೆ. ಆ ಜೋಮು ಇನ್ನೂ ಪೂರಾ ಬಿಟ್ಟಿರಲಿಲ್ಲ. ಆದರೂ ಹೇಳಿದೆ. “ಆ ಬಣ್ಣಾ ಹಾಕಿದಾವ್ರು ನಿಮ್ಮಾವ್ರು. ನಾ ಹಾಕೀನಂತ ಎಲ್ಲಾರಿಗೂ ಹೇಳಿದೆ. ಅವರ ಮುಂದ ಒಂದ ಮಾತ ಆಡಬೇಕಿತ್ತು. ಆಡಲಿಲ್ಲ.”

ಆಕೆ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. “ಅವ್ರಿಗೆ ಗೊತ್ತಿತ್ರಿ” ಎಂದಳು. “ಅವ್ವಾರು ತಮ್ಮ ಮ್ಯಾಲ ಹಾಕ್ಕೊಂಡ್ರು ಅಂತಿದ್ರು. ಇಲ್ಲಂದ್ರ ಆವತ್ತ ನನ್ನ ಬಡೀತಿದ್ರು ಅಂತಿದ್ರು.” ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ, ಕಲ್ಲಿನ ಮುಚ್ಚಳದ ಕಬ್ಬಿಣದ ಬಳೆಗೆ ಸಲಾಕೆ ಹಾಕಿದಳು. “ಕೂಸನ್ನ ತುಗೊಂಡ ದೂರ ನಿಂದರ್ರಿ. ತಗೀತೇನಿ.”

ನಾನು ಮಗನ ಮುಖವನ್ನು ಸೆರಗಿನಿಂದ ಮುಚ್ಚಿ ಹಿಂದೆ ಸರಿದು ನಿಂತೆ. ಮನೆಯ ಕಿಟಕಿಗಳು ತೆರೆದೇ ಇದ್ದವು.